ಒಂದೇ ಕಂಬ, ಮೂರು ದಿಕ್ಕು

ಠಾಣೆ ಸ್ಟೇಶನ್ನಿನಲ್ಲಿ ಪೂರ್ವದ ಕಡೆ ಇಳಿದು ಕೋಪರಿಗೆ ನಡೆದು ಬರುವಾಗ ನಿಮ್ಮಲ್ಲಿ ಎಷ್ಟು ಜನ ತಲೆ ಎತ್ತಿ ಹಳೆಯ ಕಟ್ಟಡಗಳ ಗಚ್ಚಿಯನ್ನು ನೋಡಿದ್ದೀರಿ? ನೋಡಿರಲಾರಿರಿ. ರಿಕ್ಷಾದಿಂದ ಮೈ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಆದರೂ ಒಮ್ಮೆ ನೋಡಿರಿ. ನೀರಿನ ಟಾಕಿಯ ಪಕ್ಕದಲ್ಲಿ ತುಕ್ಕು ಹಿಡಿದ ಪೈಪು, ಅದರ ತುದಿಗೆ ಮೀನಿನ ಮುಳ್ಳಿನ ಹಾಗೆ ಅಲ್ಯುಮಿನಿಯಮ್ ಕಡ್ಡಿಗಳು, ಮೇಲೊಂದು ಕಾಗೆ. ಇಂಥವು ಇನ್ನೂ ಅಲ್ಲಲ್ಲಿ ಉಳಿದಿವೆ. ನಿಮಗೆ ಅವು ಭಂಗಾರಿನವನಿಗೆ ಹೋಗಬೇಕಾದ ಸಾಮಾನು. ನಮ್ಮ ಕಟ್ಟಡದ ಕಂಬದ ಬಗ್ಗೆ ಕಳೆದ ವರ್ಷ ದೊಡ್ಡ ವಾದವೇ ಆಯಿತು. ಆ ವಾದ ತಿಳಿಯಬೇಕಾದರೆ ಕಂಬದ ಕಥೆ ತಿಳಿಯಬೇಕು. ಅದಕ್ಕೇ ಈ ಲೇಖನ.

ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳಿಗೆ ಅಂಟೆನಾದ ಗೊಡವೆ ಏಕೆ ಎಂದು ನೀವು ಕೇಳಬಹುದು. 1993ರಲ್ಲಿ ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನನಗೂ ಗೊತ್ತಿರಲಿಲ್ಲ, ನಮ್ಮವರಿಗೆ ನನಗಿಂತ ಮೊದಲೇ ಒಬ್ಬಳು ಇದ್ದಳೆಂದು. ಅವಳೇ ರೇಡಿಯೋ. ಅವರು ಹ್ಯಾಮ್, ಅಂದರೆ ಸರಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದು ತಮ್ಮದೇ ಸೆಟ್ಟಿನಿಂದ ಮಾತಾಡುವ ಹವ್ಯಾಸಿ. ದಿನವಿಡೀ ಕಾರಖಾನೆಯಲ್ಲಿ ದುಡಿದು ಬಂದು, ಊಟ ಮುಗಿಸಿ, ಕಿವಿಗೆ ಹೆಡ್‌ಫೋನ್ ಏರಿಸಿದರೆ ಮುಗಿಯಿತು. ಇಪ್ಪತ್ನಾಲ್ಕು ವರ್ಷ ಪಕ್ಕದಲ್ಲಿ ಕುಳಿತು ಕೇಳಿದವರಿಗೆ ಕಲಿಯದೆ ಗತಿಯಿಲ್ಲ. ಅಡಿಗೆ ಮನೆಯಲ್ಲಿ ಕುಳಿತ ಬೆಕ್ಕಿಗೂ ಹಾಲು ಉಕ್ಕುವ ಸಮಯ ಗೊತ್ತಿರುತ್ತದೆ!

ಮೊದಲು ಆ ಮೀನಿನ ಮುಳ್ಳಿನ ವಿಷಯ. ಅದರ ಹೆಸರು ಯಾಗಿ-ಉದಾ ಅಂಟೆನಾ. ನಾನು ಮೊದಲು ಕೇಳಿದಾಗ ಯಾಗ ಮಾಡುವವನು ಯಾಗಿ ಇರಬೇಕೆಂದು ತಿಳಿದಿದ್ದೆ. ಅವರು ಜಪಾನಿನ ಸೆಂಡೈ ಊರಿನ ತೊಹೊಕು ವಿಶ್ವವಿದ್ಯಾಲಯದ ಇಬ್ಬರು, ಹಿದೆತ್ಸುಗು ಯಾಗಿ ಮತ್ತು ಶಿಂತಾರೋ ಉದಾ. 1926ರಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಹೆಚ್ಚಿನ ದುಡಿಮೆ ಉದಾ ಅವರದು. ಹೆಸರು ನಿಂತದ್ದು ಮಾತ್ರ ಯಾಗಿ ಅವರದು. ಇದರಲ್ಲೊಂದು ಸ್ವಾರಸ್ಯವಿದೆ. 1942ರಲ್ಲಿ ಜಪಾನಿ ಸೈನ್ಯ ಸಿಂಗಾಪುರವನ್ನು ಹಿಡಿದಾಗ ಬ್ರಿಟಿಷ್ ತಂತ್ರಜ್ಞನೊಬ್ಬನ ರೇಡಾರ್ ಟಿಪ್ಪಣಿ ಪುಸ್ತಕ ಸಿಕ್ಕಿತಂತೆ. ಅದರಲ್ಲಿ ಮತ್ತೆ ಮತ್ತೆ 'ಯಾಗಿ' ಎಂಬ ಶಬ್ದ. ಜಪಾನಿಯರಿಗೆ ಅರ್ಥವಾಗಲಿಲ್ಲ. ಸೆರೆ ಸಿಕ್ಕವನನ್ನೇ ಕೇಳಿದರು. ಅದು ನಿಮ್ಮವರದೇ ಹೆಸರು ಎಂದು ಅವನು ಹೇಳಬೇಕಾಯಿತು. ನಮ್ಮವರು ಈ ಕಥೆಯನ್ನು ಮನೆಗೆ ಬಂದ ಪ್ರತಿ ಕನ್ನಡ ಹುಡುಗನಿಗೂ ಹೇಳುತ್ತಿದ್ದರು. ಹೇಳಿ, ಅವನಿಗೆ 'ಆಕಾಶವಾಣಿ' ಎಂಬ ಹೆಸರು ಎಲ್ಲಿ ಹುಟ್ಟಿತೆಂದು ಕೇಳುತ್ತಿದ್ದರು. ದಿಲ್ಲಿ ಎಂದೋ ಮುಂಬಯಿ ಎಂದೋ ಉತ್ತರ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ನಡೆಸಿದ ಪುಟ್ಟ ರೇಡಿಯೋ ಕೇಂದ್ರದ ಹೆಸರು ಅದು. ನೀವೂ ದಿಲ್ಲಿ ಎಂದೇ ಅಂದುಕೊಂಡಿದ್ದಿರಾ?

ಇರಲಿ. ಈ ಅಂಟೆನಾದ ಗುಣವೆಂದರೆ ಅದಕ್ಕೆ ಮುಖವಿದೆ, ಬೆನ್ನಿದೆ. ಸಾದಾ ತಂತಿ ಕಂದೀಲಿನ ಹಾಗೆ, ಬೆಳಕು ಸುತ್ತಲೂ ಬೀಳುತ್ತದೆ. ಯಾಗಿ ಬ್ಯಾಟರಿಯ ಹಾಗೆ, ತಿರುಗಿಸಿದ ಕಡೆಗೇ ಬೆಳಕು. ನಡುವಿನ ಒಂದು ಕಡ್ಡಿಗೆ ಮಾತ್ರ ವಾಯರು ಕಟ್ಟಿರುತ್ತದೆ. ಅದರ ಹಿಂದೆ ಸ್ವಲ್ಪ ಉದ್ದನೆಯ ಕಡ್ಡಿ ಬೆನ್ನಿನಂತೆ ನಿಂತು ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನ ಗಿಡ್ಡ ಕಡ್ಡಿಗಳು ಅದನ್ನು ಕೈ ಹಿಡಿದು ಎಳೆಯುತ್ತವೆ. ವಾಯರಿಲ್ಲದ ಕಡ್ಡಿಗಳೇ ಹೆಚ್ಚು ಕೆಲಸ ಮಾಡುವುದು ನನಗೆ ಇಂದಿಗೂ ಸೋಜಿಗ. ಕೂಡು ಕುಟುಂಬದ ಸೊಸೆಯಂದಿರನ್ನು ನೋಡಿದವರಿಗೆ ಅಷ್ಟು ಸೋಜಿಗವಾಗಲಿಕ್ಕಿಲ್ಲ.

ನಿಮ್ಮ ಅಜ್ಜನ ಕಾಲದ ಟ್ರಾನ್ಸಿಸ್ಟರ್ ಮನೆಯಲ್ಲಿದ್ದರೆ ಅದರಲ್ಲೂ ದಿಕ್ಕಿನ ಆಟವಿದೆ. ಒಳಗೆ ಕಪ್ಪು ಫೆರೈಟ್ ಕಡ್ಡಿಯೊಂದಿರುತ್ತದೆ. ಅದರ ಪಕ್ಕೆ ಸ್ಟೇಶನ್ನಿನ ಕಡೆಗಿದ್ದರೆ ಧ್ವನಿ ಜೋರು, ತುದಿ ಆ ಕಡೆಗಿದ್ದರೆ ಕ್ಷೀಣ. ಬಂದ ಹೊಸತರಲ್ಲಿ, ರಾತ್ರಿ ಒಂಬತ್ತರ ನಂತರ, ನಾನು ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಹುಡುಕುತ್ತಿದ್ದೆ. ಹಗಲು ಬರುವುದಿಲ್ಲ. ರಾತ್ರಿ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ದೂರ ಹೋಗಿ ಬೀಳುತ್ತವೆ, ಆಗ ಬರುತ್ತದೆ. ಸೆಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಇಷ್ಟಿಷ್ಟೇ ತಿರುಗಿಸಬೇಕು. ಕೋಪರಿಯಿಂದ ಧಾರವಾಡ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದಂತೆ. ಅತ್ತೆಯವರು, "ಏನವ್ವಾ, ತವರುಮನಿ ದಿಕ್ಕು ಸಿಕ್ಕಿತೇನ?" ಎಂದು ನಗುತ್ತಿದ್ದರು.

ಇನ್ನು ಕಂಬ. ಆಗ ನಮ್ಮ ಗಚ್ಚಿಯ ಮೇಲೆ ಮನೆಗೊಂದರಂತೆ ಪೈಪುಗಳು. ಎಲ್ಲವೂ ವರ್ಲಿಯ ದೂರದರ್ಶನ ಗೋಪುರದ ಕಡೆಗೆ, ಅಂದರೆ ನೈಋತ್ಯಕ್ಕೆ ಮುಖ ಮಾಡಿ ನಿಂತವು. ಮುಂಬಯಿ ದೂರದರ್ಶನ 2 ಅಕ್ಟೋಬರ್ 1972ರಂದು ಶುರುವಾಯಿತು. ಎರಡನೆಯ ಚಾನೆಲ್ 1985ರಲ್ಲಿ ಬಂತು. ಮೊದಲ ಚಾನೆಲ್ಲಿನ ಅಲೆ ಉದ್ದನೆಯದು, ಸುಮಾರು 62 ಮೆಗಾಹರ್ಟ್ಸ್. ಕಡ್ಡಿಯ ಉದ್ದ ಅಲೆಯ ಅರ್ಧದಷ್ಟಿರಬೇಕು, ಹಾಗಾಗಿ ಸುಮಾರು 2.4 ಮೀಟರ್. ಎರಡನೆಯದರ ಅಲೆ ಗಿಡ್ಡ, ಕಡ್ಡಿಯೂ ಒಂದು ಮೀಟರಿಗೆ ಕಡಿಮೆ. ಆದ್ದರಿಂದ ಎರಡೂ ಚಾನೆಲ್ ಚೆನ್ನಾಗಿ ಬೇಕಾದವರು ಎರಡು ಅಂಟೆನಾ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಒಂದು ಪೈಪು ಬಾಗಿ ಇನ್ನೊಂದಕ್ಕೆ ತಾಗಿದರೆ ಎರಡು ಮನೆಯ ನಡುವೆ ಮಹಾಭಾರತ.

1994ರಲ್ಲಿ ನಮ್ಮವರು ಒಂದು ಒಪ್ಪಂದ ಮುಂದಿಟ್ಟರು. ಎಲ್ಲ ಪೈಪುಗಳನ್ನೂ ತೆಗೆಯೋಣ. ಒಂದೇ ಗಟ್ಟಿ ಕಂಬ, ಇಪ್ಪತ್ತು ಅಡಿ. ಅದರ ಮೇಲೆ ಎರಡು ಟಿವಿ ಅಂಟೆನಾ, ಅಲ್ಲಿಂದ ಎಲ್ಲ ಮನೆಗೂ ವಾಯರು. ಖರ್ಚು ಹಂಚಿಕೊಳ್ಳೋಣ, ಕೆಲಸ ನನ್ನದು. ಬದಲಿಗೆ ತುದಿಯಲ್ಲಿ ನನ್ನ 145 ಮೆಗಾಹರ್ಟ್ಸಿನ ಅಂಟೆನಾಕ್ಕೆ ಜಾಗ ಕೊಡಿರಿ. ಸಿಂಧಿ, ಮರಾಠಿ, ಗುಜರಾತಿ, ಕನ್ನಡ, ಎಲ್ಲರೂ ಒಪ್ಪಿದರು. ಬರೀ ಹ್ಯಾಮ್ ಅಂಟೆನಾ ಎಂದು ಕೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

ಕೇಳಲು ಸುಲಭ. ಒಂದೇ ಕಂಬದ ಮೇಲೆ ಮೂರು ಅಂಟೆನಾ ಕೂರಿಸುವುದು ಒಂದೇ ಒಲೆಯ ಮೇಲೆ ಮೂರು ಪಾತ್ರೆ ಇಟ್ಟಂತೆ. ಗಾಳಿಯ ಬಲ ಕಂಬದ ಬುಡವನ್ನು ಮುರಿಯಲು ನೋಡುತ್ತದೆ, ಮೇಲಿದ್ದಷ್ಟೂ ಅದಕ್ಕೆ ಹಿಡಿತ ಹೆಚ್ಚು. ಆದ್ದರಿಂದ ದೊಡ್ಡದು ಕೆಳಗೆ, ಚಿಕ್ಕದು ಮೇಲೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆ ಲೆಕ್ಕ ಮಾಡಿಯೇ ಮೂರು ಕಡೆಗೆ ತಂತಿ ಎಳೆದು ಕಟ್ಟಬೇಕು. ಅಂಟೆನಾಗಳು ತೀರ ಹತ್ತಿರವಿದ್ದರೆ ಒಂದರ ಕಡ್ಡಿ ಇನ್ನೊಂದರ ಕಣ್ಣಿಗೆ ಅಡ್ಡ ಬರುತ್ತದೆ. ನಡುವೆ ಮನುಷ್ಯ ನಿಲ್ಲುವಷ್ಟಾದರೂ ಅಂತರ ಬೇಕು. ಎರಡು ಟಿವಿ ಅಂಟೆನಾಗಳ ವಾಯರುಗಳನ್ನು ಸುಮ್ಮನೆ ತಿರುಚಿ ಒಂದು ಮಾಡಿದರೆ, ಒಂದು ಹಿಡಿದದ್ದನ್ನು ಇನ್ನೊಂದು ಹೊರಗೆ ಚೆಲ್ಲುತ್ತದೆ. ನಡುವೆ ಕಂಬೈನರ್ ಎಂಬ ಸಣ್ಣ ಡಬ್ಬಿ ಬೇಕು, ಪ್ರತಿ ಚಾನೆಲ್ಲನ್ನೂ ಅದರ ಬಾಗಿಲಿನಿಂದಲೇ ಒಳಗೆ ಬಿಡುವ ದ್ವಾರಪಾಲಕ.

ಟಿವಿಯ ಕಡ್ಡಿಗಳು ಮಲಗಿರುತ್ತವೆ. ಹ್ಯಾಮ್ ಮಂದಿಯ ಕಡ್ಡಿಗಳು ನಿಂತಿರುತ್ತವೆ. ನಿಂತ ಅಲೆಗೂ ಮಲಗಿದ ಅಲೆಗೂ ಪರಸ್ಪರ ಹೊಕ್ಕುಬಳಕೆ ಕಡಿಮೆ, ಅಷ್ಟು ಅನುಕೂಲವೇ. ಆದರೆ ನಿಂತ ಕಡ್ಡಿಯ ಪಕ್ಕದಲ್ಲಿ ಕಬ್ಬಿಣದ ಕಂಬವೂ ನಿಂತಿದ್ದರೆ ಕಂಬವೇ ಒಂದು ಕಡ್ಡಿಯಾಗಿ ಆಟ ಕೆಡಿಸುತ್ತದೆ. ಅದಕ್ಕೆ ನಮ್ಮವರು ತುದಿಯ ಐದಡಿ ಬಿದಿರು ಹಾಕಿದರು. ಪರದೇಶದ ಪುಸ್ತಕದಲ್ಲಿ ಫೈಬರ್‌ಗ್ಲಾಸ್ ಎಂದಿತ್ತು. ನಮಗೆ ಸಿಕ್ಕಿದ್ದು ಮಂಟಪ ಹಾಕುವವನ ಬಿದಿರು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ. ಟಿವಿ ಅಂಟೆನಾ ವರ್ಲಿ ಬಿಟ್ಟು ಅಲುಗಬಾರದು. ಹ್ಯಾಮ್ ಅಂಟೆನಾ ಇವತ್ತು ಕಲ್ಯಾಣ, ನಾಳೆ ಪನ್ವೇಲ್, ದಿಕ್ಕು ಬದಲಿಸುತ್ತಲೇ ಇರಬೇಕು. ಕಂಬ ತಿರುಗಿಸಿದರೆ ಮೂರೂ ತಿರುಗುತ್ತವೆ! ಅದಕ್ಕೆ ಅವರು ದಪ್ಪ ಪೈಪಿನೊಳಗೆ ಸಣ್ಣ ಪೈಪು ಇಳಿಸಿ, ನಡುವೆ ಗ್ರೀಸ್ ಹಚ್ಚಿ, ಒಳಗಿನದು ಮಾತ್ರ ತಿರುಗುವಂತೆ ಮಾಡಿದರು. ತಿರುಗಿಸಲು ಕೆಳಗೊಂದು ಹಿಡಿಕೆ, ಬೀಸುವ ಕಲ್ಲಿನ ಗೂಟದಂಥದು. ನಂಬಲಿಕ್ಕೆ ಮಾತ್ರ ನೆರೆಯವರು ಸಿದ್ಧರಿರಲಿಲ್ಲ. 9 ಮಾರ್ಚ್ 1996ರಂದು ಬೆಂಗಳೂರಿನಲ್ಲಿ ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಪಂದ್ಯವಿದ್ದಾಗ ಕಟ್ಟಡದ ಹುಡುಗರು ಗಚ್ಚಿಯ ಬಾಗಿಲಿಗೆ ಬೀಗ ಹಾಕಿ ಕೀಲಿ ಇಟ್ಟುಕೊಂಡರು. ನಮ್ಮ ವೆಂಕಟೇಶ ಪ್ರಸಾದ್ ಆಮೇರ್ ಸೊಹೇಲನ ವಿಕೆಟ್ ಹಾರಿಸಿದಾಗ ಬಂದ ಕೂಗಿಗೆ ಕಾಗೆಗಳೆಲ್ಲ ಎದ್ದವು. ಕಂಬ ಅಲುಗಲಿಲ್ಲ. ಮರುದಿನ ಕೀಲಿ ತಾನಾಗಿ ನಮ್ಮ ಮನೆಗೆ ಬಂತು.

ದೂರು ಇರಲಿಲ್ಲವೆಂದಲ್ಲ. ನಮ್ಮವರು ಮಾತಾಡಲು ಶುರು ಮಾಡಿದರೆ ಕೆಲವು ಮನೆಗಳ ಟಿವಿಯಲ್ಲಿ ಅಡ್ಡ ಗೆರೆ ಬರುತ್ತಿತ್ತು. ಬೂಸ್ಟರ್ ಹತ್ತಿರದ ಜೋರು ಅಲೆಗೆ ತತ್ತರಿಸುತ್ತದೆ ಎಂದು ವಿವರಿಸಿದರೆ ಯಾರು ಕೇಳುತ್ತಾರೆ? ಫಿಲ್ಟರ್ ಕಟ್ಟುವವರೆಗೆ ಅವರು ಮಾತಾಡುತ್ತಿದ್ದುದು ಕಾರ್ಯಕ್ರಮಗಳೆಲ್ಲ ಮುಗಿದ ಮೇಲೆ. ಕೇಬಲ್ ಬಂದ ಮೇಲೆ ಒಂದೊಂದೇ ಮನೆ ಕಂಬದಿಂದ ವಾಯರು ಕಿತ್ತುಕೊಂಡಿತು, ಒಂದೊಂದೇ ಮನೆಗೆ ಕಂಬ ಬೇಡದ ವಸ್ತುವಾಯಿತು.

ಆಮೇಲೆ 26 ಜುಲೈ 2005. ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಲೋಕಲ್ ನಿಂತವು, ವಿದ್ಯುತ್ ಹೋಯಿತು, ಫೋನ್ ಮೂಕವಾಯಿತು, ಮೊಬೈಲ್ ಇದ್ದರೂ ಇಲ್ಲದಂತಾಯಿತು. ಕೆಳಗಿನ ಮನೆಯ ಸಿಂಧಿ ಅಜ್ಜಿಯ ಮೊಮ್ಮಗ ಡೊಂಬಿವಲಿಯ ಕಾರಖಾನೆಗೆ ಹೋದವನು ರಾತ್ರಿಯಾದರೂ ಬರಲಿಲ್ಲ. ನಮ್ಮವರು ಸೆಟ್ಟಿಗೆ ಕಾರಿನ ಬ್ಯಾಟರಿ ಜೋಡಿಸಿ ಕುಳಿತರು. ಡೊಂಬಿವಲಿಯಲ್ಲಿ ಅವರ ಪರಿಚಯದ ಹ್ಯಾಮ್ ಒಬ್ಬರಿದ್ದರು. ಆದರೆ ನಮಗೂ ಡೊಂಬಿವಲಿಗೂ ನಡುವೆ ಪಾರ್ಸಿಕ್ ಗುಡ್ಡ. ನೇರ ಪೂರ್ವಕ್ಕೆ ತಿರುಗಿಸಿದರೆ ಬರೀ ಭೋರ್ ಶಬ್ದ.

ಮಗ ಗಚ್ಚಿಯ ಮೇಲೆ, ಮಳೆಯಲ್ಲಿ, ಹಿಡಿಕೆ ಹಿಡಿದು. ಮೆಟ್ಟಿಲ ಮೇಲೆ ಮರಾಠಿ ಕಾಕಾ, ಬಾಗಿಲಲ್ಲಿ ನಾನು, ಒಳಗೆ ನಮ್ಮವರು. "ಇನ್ನಷ್ಟು ಉತ್ತರಕ್ಕ!" ಎಂದು ಅವರು, ನಾನು ಅದನ್ನೇ ಮರಾಠಿಯಲ್ಲಿ, ಕಾಕಾ ಅದನ್ನೇ ಇನ್ನೂ ಜೋರಾಗಿ. ಟಿವಿಯ ಕಾಲದ "ಬಂತು, ಹೋತು" ಎಂಬ ಕೂಗಾಟ ಎಲ್ಲರಿಗೂ ಬಾಯಿಪಾಠ. ಗುಡ್ಡದ ನೆತ್ತಿ ಬಿಟ್ಟು, ಅದು ಇಳಿದು ಖಾಡಿಗೆ ಸೇರುವ ಕಡೆಗೆ ಅಂಟೆನಾ ತಿರುಗಿದಾಗ ಕೊನೆಗೆ ಧ್ವನಿ ಸಿಕ್ಕಿತು, ಬಾವಿಯೊಳಗಿಂದ ಬಂದಂತೆ. ಹೆಸರು, ಕಾರಖಾನೆ, ಎರಡೇ ಮಾತು. ಬೆಳಗಿನ ಜಾವ ಉತ್ತರ ಬಂತು: ಹುಡುಗ ಕಾರಖಾನೆಯ ಮೇಲಿನ ಮಹಡಿಯಲ್ಲಿದ್ದಾನೆ, ಊಟ ಮಾಡಿದ್ದಾನೆ. ಅಜ್ಜಿ ಕೇಳಿದ್ದು ಒಂದೇ, ಏನು ಊಟ ಮಾಡಿದ ಎಂದು. ಅದನ್ನು ಕೇಳಲು ಮತ್ತೆ ಕರೆಯಲಿಲ್ಲ. ಆ ರಾತ್ರಿ ಇನ್ನೂ ಏಳೆಂಟು ಮನೆಗಳ ಹೆಸರು ಸಾಲಿನಲ್ಲಿದ್ದವು.

ಅದೇ ವರ್ಷ ಮೇ 5ರಂದು ಬೆಂಗಳೂರಿನಲ್ಲಿ ಕಟ್ಟಿದ ಹ್ಯಾಮ್‌ಸ್ಯಾಟ್ ಎಂಬ ಸುಮಾರು 43 ಕಿಲೋ ತೂಕದ ಉಪಗ್ರಹವನ್ನು ಇಸ್ರೋ ಹವ್ಯಾಸಿಗಳಿಗೆಂದೇ ಹಾರಿಸಿತ್ತು. ಅದಕ್ಕೆ ಮಾತು ಕಳಿಸುವುದು 435 ಮೆಗಾಹರ್ಟ್ಸಿನಲ್ಲಿ, ಕೇಳುವುದು 145ರಲ್ಲಿ. ಅಂದರೆ ಇನ್ನೊಂದು ಅಂಟೆನಾ. 435 ಎಂಬುದು 145ರ ಸರಿಯಾಗಿ ಮೂರು ಪಟ್ಟು. ಅಂಥ ಅಲೆಗೆ 145ರ ಕಡ್ಡಿಯೂ ಮಿಡಿಯುತ್ತದೆ, ಆದ್ದರಿಂದ ಎರಡನ್ನೂ ಒತ್ತೊತ್ತಾಗಿ ಇಡುವಂತಿಲ್ಲ. ಕಂಬದಲ್ಲಿ ಜಾಗವಿರಲಿಲ್ಲ. ನಮ್ಮವರು ಅದನ್ನು ಕೈಯಲ್ಲೇ ಹಿಡಿದು ಆಕಾಶಕ್ಕೆ ತೋರಿಸುತ್ತ ಗಚ್ಚಿಯ ಮೇಲೆ ತಿರುಗುತ್ತಿದ್ದರು. ನೋಡಿದವರಿಗೆ ಹಕ್ಕಿ ಓಡಿಸುವವರಂತೆ ಕಾಣುತ್ತಿತ್ತು. ಆ ಉಪಗ್ರಹ 2014ರವರೆಗೆ ದುಡಿಯಿತು. ನಮ್ಮವರು 2017ರಲ್ಲಿ ತೀರಿಕೊಂಡರು. ಪರವಾನಗಿ ಆ ಮನುಷ್ಯನ ಜೊತೆಗೇ ಹೋಗುತ್ತದೆ, ಸೆಟ್ಟನ್ನು ಪರವಾನಗಿ ಇದ್ದವರಿಗೇ ಕೊಡಬೇಕು. ಕೊಟ್ಟೆ. ಕಂಬ ಮಾತ್ರ ಉಳಿಯಿತು. 2022ರ ಹೊತ್ತಿಗೆ ದೂರದರ್ಶನದ ಹಳೆಯ ಮಾದರಿಯ ಭೂಪ್ರಸಾರವೂ ದೇಶದಲ್ಲಿ ಬಹುತೇಕ ನಿಂತುಹೋಯಿತು. ವರ್ಲಿಯ ಕಡೆ ನೋಡುತ್ತಿದ್ದ ಎರಡು ಅಂಟೆನಾಗಳಿಗೆ ನೋಡಲು ಏನೂ ಉಳಿಯಲಿಲ್ಲ.

ಈಗ ವಾದಕ್ಕೆ ಬರುತ್ತೇನೆ. 13 ಮೇ 2024ರಂದು ಧೂಳುಗಾಳಿಗೆ ಘಾಟಕೋಪರದಲ್ಲಿ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತದ್ದು ನಿಮಗೆ ನೆನಪಿದೆ. ಮರುವಾರವೇ ಸೊಸೈಟಿಯ ನೋಟೀಸು: ಗಚ್ಚಿಯ ಮೇಲಿನ ಎಲ್ಲ ಪೈಪು, ಕಂಬ ತೆಗೆಯಬೇಕು. ಹೆದರಿಕೆ ಸುಳ್ಳಲ್ಲ. ಕಂಬಕ್ಕೆ ಮೂವತ್ತು ವರ್ಷ, ಖಾಡಿಯ ಉಪ್ಪು ಗಾಳಿ, ತಂತಿಗಳಲ್ಲಿ ಒಂದು ಆಗಲೇ ತುಂಡಾಗಿತ್ತು. ಕೆಳಗೆ ಮಕ್ಕಳು ಆಡುವ ಜಾಗ. ನಾನು ತೆಗೆಯಲು ಒಪ್ಪಿದ್ದೆ.

ಆಗ ಬಂದವಳು ಎರಡನೆಯ ಮಹಡಿಯ ಹುಡುಗಿ. ನಿಮ್ಮ ಹಾಗೆ ಇಲ್ಲೇ ಹುಟ್ಟಿ ಬೆಳೆದ ಕನ್ನಡದವಳು, ಇಂಜಿನಿಯರಿಂಗ್ ಮೂರನೆಯ ವರ್ಷ. "ವೈನೀ ಅಂತ ಅಮ್ಮ ಕರೀತಾಳ, ನಾ ನಿಮಗ ಕಾಕೂ ಅಂತೀನಿ," ಎಂದು ಶುರು ಮಾಡಿ, "ಕಾಕೂ, ಆ ಕಂಬ ನನಗ ಬೇಕು," ಎಂದಳು. ಹ್ಯಾಮ್ ಪರೀಕ್ಷೆ ಪಾಸಾಗಿದ್ದಳು; ನನಗೇ ಗೊತ್ತಿರಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹವ್ಯಾಸಿಗಳಿಗಾಗಿ ಮರುಪ್ರಸಾರ ಯಂತ್ರವಿದೆ, ಅದಕ್ಕೆ ಕಳಿಸುವುದು 145ರಲ್ಲಿ, ಕೇಳುವುದು 437ರಲ್ಲಿ, ಎರಡೂ ಅಂಟೆನಾ ಒಂದೇ ಕಂಬದ ಮೇಲೆ ಒಟ್ಟಿಗೆ ತಿರುಗಬೇಕು ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು.

ಸಭೆಯಲ್ಲಿ ಕೇಳಿದ ಪ್ರಶ್ನೆ ನಿಮಗೂ ಬಂದಿರುತ್ತದೆ: ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಏಕೆ? ಹುಡುಗಿ ಚೆನ್ನಾಗಿ ಉತ್ತರಿಸಿದಳು; ಯಾರೂ ಕೇಳಲಿಲ್ಲ. ಆಗ ಮೂಲೆಯಲ್ಲಿದ್ದ ನಡುವಯಸ್ಸಿನವರೊಬ್ಬರು ಎದ್ದು, ಇಂಜಿನಿಯರನ್ನು ಕರೆಸಿ ನೋಡೋಣ, ಅವರು ಬೇಡವೆಂದರೆ ತೆಗೆಯೋಣ, ಅವರ ಫೀ ನಾನು ಕೊಡುತ್ತೇನೆ ಎಂದರು. 2005ರಲ್ಲಿ ಡೊಂಬಿವಲಿಯ ಕಾರಖಾನೆಯಲ್ಲಿ ಸಿಕ್ಕಿಬಿದ್ದವನು ಅವನೇ. ಅಜ್ಜಿ ತೀರಿ ಬಹಳ ವರ್ಷವಾಯಿತು.

ಇಂಜಿನಿಯರರು ಬಂದು ಬುಡ ತಟ್ಟಿದರು, ಗೋಡೆ ತಟ್ಟಿದರು. ಹಳೆಯ ಕಂಬ ಇರಕೂಡದು ಎಂದರು. ಹೊಸದು ಹಾಕಬಹುದು, ಹನ್ನೆರಡು ಅಡಿ ಮೀರದೆ, ಮೆಟ್ಟಿಲ ಕೋಣೆಯ ಗೋಡೆಗೆ ಎರಡು ಕಡೆ ಪಟ್ಟಿ ಬಿಗಿದು, ಕೆಳಗೆ ಮಕ್ಕಳ ಜಾಗವಿಲ್ಲದ ಬದಿಗೆ. ಸಿಡಿಲಿಗೆ ದಪ್ಪ ತಾಮ್ರದ ಪಟ್ಟಿ ನೆಲದವರೆಗೆ. ನಟ್ಟು ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನವು. ಪ್ರತಿ ವರ್ಷ ಮಳೆಗೆ ಮೊದಲು ತಪಾಸಣೆ. ಸೊಸೈಟಿ ಒಂದು ವರ್ಷಕ್ಕೆ ಒಪ್ಪಿಗೆ ಕೊಟ್ಟಿತು. ರಿಡೆವಲಪ್‌ಮೆಂಟ್ ಮಾತು ನಡೆದೇ ಇದೆ, ಕಟ್ಟಡವೇ ಎಷ್ಟು ದಿನವೋ.

ಕಳೆದ ದೀಪಾವಳಿಯ ನಂತರ ಹೊಸ ಕಂಬ ನಿಂತಿತು. ತುದಿಯಲ್ಲಿ ಅಡ್ಡ ತೊಲೆ, ಅದರ ಒಂದು ಕೊನೆಗೆ 145ರದು, ಇನ್ನೊಂದಕ್ಕೆ 437ರದು, ನಡುವೆ ಒಂದೂವರೆ ಮೀಟರ್. ಎರಡೂ ಇಪ್ಪತ್ತು ಡಿಗ್ರಿಯಷ್ಟು ಮೇಲೆ ನೋಡುತ್ತವೆ. ನಿಲ್ದಾಣ ಹಾದು ಹೋಗುವ ಹತ್ತು ನಿಮಿಷದಲ್ಲಿ ಕಂಬ ಸುತ್ತಿದರೆ ಸಾಕು, ಏರಿಸಿ ಇಳಿಸುವ ಯಂತ್ರ ಬೇಕಿಲ್ಲ. ತೊಲೆ ಬಿದಿರಿನದಲ್ಲ, ಫೈಬರ್‌ಗ್ಲಾಸ್, ಲ್ಯಾಮಿಂಗ್ಟನ್ ರೋಡಿನಲ್ಲೆಲ್ಲ ಅಲೆದು ತಂದದ್ದು. ವಾಯರು ಕಿಟಕಿಗೆ ಬರುವ ಮೊದಲು ಕೆಳಗಿಳಿದು ಮತ್ತೆ ಮೇಲೇರಬೇಕು, ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಅದನ್ನು ಅವಳಿಗೆ ನಾನು ಹೇಳಿಕೊಟ್ಟೆ. ಒಳ ಪೈಪು, ಹೊರ ಪೈಪಿನ ಉಪಾಯವನ್ನೂ. ಹಳೆಯ ಹಿಡಿಕೆಯನ್ನೇ ತಿಕ್ಕಿ ತೊಳೆದು ಹಾಕಿದ್ದೇವೆ.

ತಿರುಗಿಸಲು ಮಾತ್ರ ಜನ ಬೇಕು. ಅವಳು ಸೆಟ್ಟಿನ ಮುಂದೆ ಕುಳಿತರೆ ಗಚ್ಚಿಯ ಮೇಲೊಬ್ಬರು, ಮೆಟ್ಟಿಲ ಮೇಲೊಬ್ಬರು. ಮೋಟಾರು ಹಾಕಿಸೋಣ ಎನ್ನುತ್ತಾಳೆ, ದುಡ್ಡು ಕೂಡಿಸುತ್ತಿದ್ದಾಳೆ. ಅಲ್ಲಿಯವರೆಗೆ ಭಾನುವಾರ ಬಿಡುವಿದ್ದವರು ಬರಬಹುದು. ಗಚ್ಚಿಯ ಕೀಲಿ ಈಗಲೂ ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ.